ವಿಂಡೋಗಳು ತಮ್ಮ ಜಾಗದಲ್ಲೇ ತೆರೆದುಕೊಳ್ಳುವಂತೆ ಮಾಡುವುದು ಹೇಗೆ?

ಪ್ರಶ್ನೆ: ನಾನು ಅನುವಾದದ ಕೆಲಸ ಮಾಡುವವನು. ಪರದೆಯ ಎಡಭಾಗದಲ್ಲಿ ಮೂಲಪಠ್ಯದ ಪಿಡಿಎಫ್, ಬಲಭಾಗದಲ್ಲಿ ಲಿಬ್ರೆಆಫೀಸ್ ರೈಟರ್, ಕೆಳಮೂಲೆಯಲ್ಲಿ ನಿಘಂಟು ಇರಬೇಕು. ಇಷ್ಟು ದಿನ ವಿಂಡೋಗಳನ್ನು ಸರಿಸುವ ಡಬ್ಲ್ಯುಎಂಕಂಟ್ರೋಲ್ (wmctrl) ಎಂಬ ಸಲಕರಣೆ ಬಳಸಿದ ಒಂದು ಸ್ಕ್ರಿಪ್ಟ್ ಇದನ್ನು ಮಾಡಿಕೊಡುತ್ತಿತ್ತು. ಲಿನಕ್ಸ್ ಡೆಸ್ಕ್‌ಟಾಪ್ ಆದ ಕೆಡಿಇ ಪ್ಲಾಸ್ಮಾ 6ಕ್ಕೆ ಬಂದ ಮೇಲೆ ಅದು ಹೆಚ್ಚಿನ ವಿಂಡೋಗಳನ್ನು ಗುರುತಿಸುತ್ತಲೇ ಇಲ್ಲ. ಸ್ಕ್ರಿಪ್ಟ್‌ನಲ್ಲಿ ತಪ್ಪಿದೆಯೇ?

ಉತ್ತರ: ತಪ್ಪು ನಿಮ್ಮ ಸ್ಕ್ರಿಪ್ಟ್‌ನದಲ್ಲ. 2024ರ ಫೆಬ್ರವರಿಯಲ್ಲಿ ಬಂದ ಪ್ಲಾಸ್ಮಾ 6, ವಿಂಡೋಗಳನ್ನು ಪರದೆಯ ಮೇಲೆ ತೋರಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್11ರ ಬದಲು ಹೊಸದಾದ ವೇಲ್ಯಾಂಡನ್ನು ಮೂಲ ಆಯ್ಕೆಯಾಗಿ ಇಟ್ಟುಕೊಂಡಿದೆ. ಎಕ್ಸ್11ರಲ್ಲಿ ಯಾವ ಪ್ರೋಗ್ರಾಮ್ ಬೇಕಾದರೂ ಬೇರೊಂದರ ವಿಂಡೋವನ್ನು ಸರಿಸಬಹುದಿತ್ತು. ವೇಲ್ಯಾಂಡ್‌ನಲ್ಲಿ ಸಾಮಾನ್ಯ ಪ್ರೋಗ್ರಾಮಿಗೆ ಪರದೆಯ ಮೇಲೆ ತಾನೆಲ್ಲಿದ್ದೇನೆ ಎಂಬುದೂ ತಿಳಿಯುವುದಿಲ್ಲ, ಜಾಗವನ್ನು ನಿರ್ಧರಿಸುವುದು ಎಲ್ಲ ವಿಂಡೋಗಳನ್ನು ಜೋಡಿಸಿ ಪರದೆಗೆ ತರುವ ಕಂಪೋಸಿಟರ್ ಮಾತ್ರ. ಆದ್ದರಿಂದ ನಿಮ್ಮ ಬೇಡಿಕೆಯನ್ನು ಪ್ಲಾಸ್ಮಾದ ಕಂಪೋಸಿಟರ್ ಆದ ಕೆವಿನ್‌ಗೇ ನಿಯಮವಾಗಿ ಬರೆದುಕೊಡಿ.

ರೈಟರ್ ತೆರೆದು ಆಲ್ಟ್ ಮತ್ತು ಎಫ್3 ಒತ್ತಿ, ಬರುವ ಪಟ್ಟಿಯಲ್ಲಿ ಹೆಚ್ಚಿನ ಕ್ರಿಯೆಗಳ ಒಳಗಿರುವ ವಿಶೇಷ ವಿಂಡೋ ಸೆಟ್ಟಿಂಗನ್ನು ಆರಿಸಿಕೊಂಡು, ಸ್ಥಾನ ಮತ್ತು ಗಾತ್ರ ಎಂಬ ಎರಡು ಗುಣಗಳನ್ನು ಸೇರಿಸಿ. ಪ್ರತಿಯೊಂದಕ್ಕೂ ‘ಆರಂಭದಲ್ಲಿ ಅನ್ವಯಿಸು’ ಎಂಬುದೇ ಸಾಕು. ‘ಒತ್ತಾಯಿಸು’ ಎಂದು ಕೊಟ್ಟರೆ ಆಮೇಲೆ ಮೌಸ್ ಹಿಡಿದು ಎಳೆದರೂ ವಿಂಡೋ ಕದಲುವುದಿಲ್ಲ, ಮತ್ತು ಅನುವಾದದ ನಡುವೆ ಜಾಗ ಬದಲಿಸುವ ಅಗತ್ಯ ಖಂಡಿತ ಬರುತ್ತದೆ. ವಿಂಡೋದ ಬಗೆಯನ್ನು ‘ಸಾಮಾನ್ಯ ವಿಂಡೋ’ ಎಂದಷ್ಟೇ ಉಳಿಸಿಕೊಳ್ಳುವುದನ್ನು ಮರೆಯಬೇಡಿ. ಇಲ್ಲವಾದರೆ ಮುದ್ರಣದ ಸಣ್ಣ ಡಯಲಾಗ್ ಕೂಡ ಅರ್ಧ ಪರದೆಯಷ್ಟು ಹಿಗ್ಗಿ ಕೂರುತ್ತದೆ. ನಿಘಂಟೂ ಪಿಡಿಎಫ್ ಆಗಿದ್ದು ಒಂದೇ ಓದುಗ ತಂತ್ರಾಂಶದಲ್ಲಿ ತೆರೆಯುವುದಾದರೆ, ಎರಡರ ಕ್ಲಾಸ್ ಹೆಸರೂ (ವಿಂಡೋ ಯಾವ ತಂತ್ರಾಂಶದ್ದೆಂದು ತಿಳಿಸುವ ಗುರುತು) ಒಂದೇ ಆಗಿರುವುದರಿಂದ, ಶೀರ್ಷಿಕೆಯಲ್ಲಿ ಬರುವ ಕಡತದ ಹೆಸರಿನ ಒಂದು ತುಣುಕನ್ನು ಗುರುತಾಗಿ ಕೊಡಬೇಕಾಗುತ್ತದೆ.

ಪ್ರಶ್ನೆ: ಧನ್ಯವಾದಗಳು, ಮೂರೂ ಸರಿಯಾದವು. ಆದರೆ ಬಲಬದಿಗೆ ಎರಡನೆಯ ಮಾನಿಟರ್ ಜೋಡಿಸಿದ್ದೇನೆ. ನಿಘಂಟನ್ನು ಅಲ್ಲಿಗೆ ಕಳುಹಿಸಲು 1920 ಎಂದು ಕೊಟ್ಟರೆ, ಅದು ಆ ಮಾನಿಟರಿನ ಎಡ ಅಂಚನ್ನು ಬಿಟ್ಟು ಎಲ್ಲೋ ನಡುವೆ ತೆರೆದುಕೊಳ್ಳುತ್ತದೆ.

ಉತ್ತರ: ಮೊದಲ ಮಾನಿಟರಿನ ಸ್ಕೇಲ್ (ಎಲ್ಲವನ್ನೂ ಹಿಗ್ಗಿಸಿ ತೋರಿಸುವ ಪ್ರಮಾಣ) 125 ಪ್ರತಿಶತ ಇದೆಯೇ ನೋಡಿ. ಸ್ಥಾನದ ಲೆಕ್ಕ ಎರಡೂ ಪರದೆಗಳನ್ನು ಸೇರಿಸಿದ ಹರವಿನ ಮೇಲಿನ ಎಡಮೂಲೆಯಿಂದ, ಅದೂ ಸ್ಕೇಲ್‌ನಿಂದ ಭಾಗಿಸಿದ ಪಿಕ್ಸೆಲ್‌ಗಳಲ್ಲಿ ನಡೆಯುತ್ತದೆ. 1920 ಅಗಲದ ಪರದೆ ಆಗ 1536 ಆಗುವುದರಿಂದ, ಎರಡನೆಯದು ಅಲ್ಲಿಂದಲೇ ಶುರುವಾಗುತ್ತದೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಲಿನಕ್ಸ್‌ನ ಬೇರೆ ಡೆಸ್ಕ್‌ಟಾಪ್ ಪರಿಸರಗಳಾದ ಗ್ನೋಮ್ ಮತ್ತು ಸ್ವೇ ಬಳಸುವವರಿಗೂ ಇದೇ ದಾರಿಯೇ?

ಉತ್ತರ: ಗ್ನೋಮ್‌ನಲ್ಲಿ ಇಂಥ ನಿಯಮಗಳ ಏರ್ಪಾಡು ಮೂಲದಲ್ಲಿ ಇಲ್ಲ, ಇದು ನನಗೆ ನಿಜಕ್ಕೂ ದೊಡ್ಡ ಕೊರತೆಯಾಗಿ ಕಾಣುತ್ತದೆ. ಆಟೋ ಮೂವ್ ವಿಂಡೋಸ್ ಎಂಬ ಎಕ್ಸ್‌ಟೆನ್ಷನ್ ತಂತ್ರಾಂಶವನ್ನು ನಿಗದಿತ ವರ್ಕ್‌ಸ್ಪೇಸಿಗೆ ಒಯ್ಯುತ್ತದೆ, ಅದರೊಳಗಿನ ಜಾಗವನ್ನು ಗೊತ್ತುಮಾಡುವುದಿಲ್ಲ. ಸ್ವೇಯಲ್ಲಿ ಎಕ್ಸ್11ರ ವಿಂಡೋ ನಿರ್ವಾಹಕವಾದ ಐ3ರ ನಿಯಮಗಳನ್ನೇ ಬರೆಯಬಹುದು; ಆದರೆ ವೇಲ್ಯಾಂಡ್‌ಗೆಂದೇ ಬರೆದ ತಂತ್ರಾಂಶಗಳಿಗೆ ಕ್ಲಾಸ್ ಬದಲು ಆ್ಯಪ್ ಐಡಿ ಎಂಬ ಗುರುತನ್ನು ಕೊಡಬೇಕು.