ಹಣ್ಣು ಬೆರೆಸಿದ ಸ್ಟೌಟ್: ಆ ಹುಳಿ, ಆ ಒಗರು ಎಲ್ಲಿಂದ ಬಂತು?

ಕಪ್ಪುನೊರೆ:
ರಾಸ್ಪ್‌ಬೆರಿ ಹಾಕಿ ತಯಾರಿಸಿದ ಕ್ರಾಫ್ಟ್ ಸ್ಟೌಟ್ ಒಂದನ್ನು, ಅಂದರೆ ಸಣ್ಣ ಬ್ರೂವರಿಯೊಂದು ಹುರಿದ ಧಾನ್ಯದಿಂದ ಮಾಡಿದ ಕಪ್ಪು ಬಿಯರನ್ನು, ಕುಡಿದ ಮೇಲೆ ಮೂಡಿದ ಸಂದೇಹವನ್ನು ಇಲ್ಲಿ ಇಡುತ್ತಿದ್ದೇನೆ. ಗ್ಲಾಸಿಗೆ ಸುರಿದಾಗ ಬಣ್ಣ ಅಚ್ಚ ಕಪ್ಪು, ನೊರೆಯಲ್ಲಿ ಮಾತ್ರ ತುಸು ಕೆಂಪು. ಮೂಗಿಗೆ ಮೊದಲು ಹಣ್ಣು, ಅದರ ಹಿಂದೆಯೇ ಕಾಫಿ ಮತ್ತು ಕಡು ಚಾಕೊಲೇಟಿನ ಪರಿಮಳ. ಆದರೆ ಬಾಯಿಗೆ ಬಂದಾಗ ಹಣ್ಣಿನ ಸಿಹಿ ಎಲ್ಲಿಯೂ ಕಾಣದೆ, ಹುಳಿಯೂ ಹುರಿದ ಧಾನ್ಯದ ಕಹಿಯೂ ಒಂದರ ಮೇಲೊಂದು ಬಿದ್ದು, ಕೊನೆಯಲ್ಲಿ ನಾಲಿಗೆಯ ಮೇಲೆ ಒಗರಷ್ಟೇ ಉಳಿಯಿತು. ಹಣ್ಣಿನ ಬಿಯರ್ ಬೇಕೆನ್ನುವವರಿಗೆ ಬೆಲ್ಜಿಯಂನ ಹುಳಿ ಬಿಯರ್ ಲ್ಯಾಂಬಿಕ್ ಇರುವಾಗ, ಸ್ಟೌಟಿಗೆ ಹಣ್ಣನ್ನು ಸೇರಿಸುವುದರಲ್ಲಿ ಅರ್ಥವಿದೆಯೇ?

ಬಾರ್ಲಿಬಂಧು:
ನೀವು ಸಿಹಿಯನ್ನು ಹುಡುಕಿದ್ದು ಸಹಜ, ಅದು ಸಿಗದೇ ಹೋದದ್ದೂ ಅಷ್ಟೇ ಸಹಜ. ಹಣ್ಣಿನಲ್ಲಿರುವ ಸಕ್ಕರೆ ಮುಖ್ಯವಾಗಿ ಗ್ಲೂಕೋಸ್ ಮತ್ತು ಫ್ರಕ್ಟೋಸ್. ಬಿಯರನ್ನು ಹುದುಗಿಸುವ ಯೀಸ್ಟ್ ಇವೆರಡನ್ನೂ ಸುಲಭವಾಗಿ ತಿಂದು ಮುಗಿಸುತ್ತದೆ, ಹಣ್ಣಿನ ಆಮ್ಲವನ್ನು ಮಾತ್ರ ಹೆಚ್ಚುಕಡಿಮೆ ಹಾಗೆಯೇ ಬಿಡುತ್ತದೆ. ಹುರಿದ ಬಾರ್ಲಿಗೂ ತನ್ನದೇ ಆದ ಹುಳಿಯಿರುವುದರಿಂದ, ಸಿಹಿ ಉಳಿಯದ ಡ್ರೈ ಸ್ಟೌಟಿನಲ್ಲಿ ಎರಡೂ ಕೂಡಿಕೊಂಡು ಬಾಯಿಯನ್ನು ಚುಚ್ಚುತ್ತವೆ. ಆದ್ದರಿಂದ ಹಣ್ಣಿಗೆ ಮೈದುಂಬಿದ, ಆಲ್ಕೋಹಾಲ್ ಹೆಚ್ಚಿರುವ ಇಂಪೀರಿಯಲ್ ಸ್ಟೌಟ್ ಬೇಕು, ಇಲ್ಲವೇ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಸೇರಿಸಿದ ಮಿಲ್ಕ್ ಸ್ಟೌಟ್ ಬೇಕು. ಏಕೆಂದರೆ ಬಿಯರಿನ ಸಾಮಾನ್ಯ ಯೀಸ್ಟಿಗೆ ಲ್ಯಾಕ್ಟೋಸ್ ಜೀರ್ಣವಾಗುವುದಿಲ್ಲ, ಅದರ ಸಿಹಿ ಹಾಗೆಯೇ ಉಳಿಯುತ್ತದೆ.

ಬರಿಸ್ಟೌಟ್:
ಈ ವಾದವನ್ನು ನಾನು ಒಪ್ಪಲಾರೆ. ಹಣ್ಣು ತಂದ ಹುಳಿಯನ್ನು ಮುಚ್ಚಲು ಲ್ಯಾಕ್ಟೋಸ್, ಲ್ಯಾಕ್ಟೋಸಿನ ಮಂದ ಸಿಹಿಯನ್ನು ಮುಚ್ಚಲು ವೆನಿಲಾ ಎಂದು ಸೇರಿಸುತ್ತಾ ಹೋದರೆ ಕೊನೆಗೆ ಸಿಗುವುದು ಪೇಸ್ಟ್ರಿ ಸ್ಟೌಟ್ ಹೆಸರಿನ ಪಾಯಸ. ಲ್ಯಾಂಬಿಕ್‌ಗೆ ಹುಳಿಯೇ ಮೂಲಗುಣವಾದ್ದರಿಂದ ಅಲ್ಲಿ ಚೆರಿಯೂ ರಾಸ್ಪ್‌ಬೆರಿಯೂ ಹೊಂದಿಕೊಳ್ಳುತ್ತವೆ. ಸ್ಟೌಟಿನ ಕಥೆ ಬೇರೆ. ಒಳ್ಳೆಯ ಇಂಪೀರಿಯಲ್ ಸ್ಟೌಟಿನಲ್ಲಿ ಕಪ್ಪು ಮಾಲ್ಟು (ಮೊಳಕೆ ಬರಿಸಿ ಹುರಿದ ಧಾನ್ಯ) ಮತ್ತು ಯೀಸ್ಟಿನಿಂದಲೇ ಒಣದ್ರಾಕ್ಷಿಯ ಛಾಯೆ ತಾನಾಗಿ ಬರುತ್ತದೆ. ಹೊರಗಿನಿಂದ ಹಾಕಿದ ಹಣ್ಣು ಮೊದಲು ನುಂಗುವುದು ಅದನ್ನೇ.

ಹುದುಗುಪಾತ್ರೆ:
ಮನೆಯಲ್ಲಿ ಬಿಯರ್ ತಯಾರಿಸುವವನಾಗಿ ಹೇಳುವುದಾದರೆ, ಎಲ್ಲ ಹಣ್ಣುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಚೆರಿಯ ಬೀಜದಲ್ಲಿ ಬಾದಾಮಿಯ ಪರಿಮಳ ಕೊಡುವ ಬೆಂಜಾಲ್ಡಿಹೈಡ್ ಹುಟ್ಟುತ್ತದೆ, ಅದು ಹುರಿದ ಮಾಲ್ಟಿನ ಚಾಕೊಲೇಟಿಗೆ ಬಹಳ ಹತ್ತಿರದ ನಂಟು. ಅಮೆರಿಕದ ಮಿಷಿಗನ್‌ನ ಬೆಲ್ಸ್ ಬ್ರೂವರಿ ಅಲ್ಲಿಯೇ ಬೆಳೆಯುವ ಹುಳಿ ಚೆರಿಯಿಂದ ಸ್ಟೌಟ್ ತಯಾರಿಸಿ ಹೆಸರು ಮಾಡಿದೆ. ರಾಸ್ಪ್‌ಬೆರಿ ಇದಕ್ಕಿಂತ ಹಟಮಾರಿ: ಅದರ ಸಣ್ಣ ಬೀಜಗಳಲ್ಲಿ ಒಗರು ಕೊಡುವ ಟ್ಯಾನಿನ್ ಇದೆ, ಹುರಿದ ಧಾನ್ಯದ ಸಿಪ್ಪೆಯೂ ಒಗರನ್ನು ಬಿಡುತ್ತದೆ. ಕಪ್ಪುನೊರೆಯವರು ಹೇಳಿದ ಒಗರಿಗೆ ಹೀಗೆ ಎರಡು ಮೂಲಗಳಿರಬಹುದು. ಸಿಪ್ಪೆ ತೆಗೆದು ಹುರಿದ ಮಾಲ್ಟನ್ನು ಬಳಸಿ, ಬೀಜ ಸೋಸಿದ ಪ್ಯೂರಿಯನ್ನು ಮೊದಲ ಹುದುಗುವಿಕೆಯ ಬಿರುಸು ಇಳಿದ ಮೇಲೆ ಸೇರಿಸಿದರೆ ಒಗರೂ ತಗ್ಗುತ್ತದೆ, ಹೊರಹೋಗುವ ಅನಿಲದ ಜೊತೆ ಪರಿಮಳ ಹಾರಿಹೋಗುವುದೂ ಕಡಿಮೆಯಾಗುತ್ತದೆ.

ಬರಿಸ್ಟೌಟ್:
ಅಷ್ಟೆಲ್ಲ ಶ್ರಮ ಪಡುವವರು ಎಷ್ಟು ಮಂದಿ? ಎಸೆನ್ಸ್ ಸುರಿದು ಕೈ ತೊಳೆದುಕೊಳ್ಳುವವರೂ ಇದ್ದಾರಲ್ಲ.

ಹುದುಗುಪಾತ್ರೆ:
ಇದ್ದಾರೆ, ಆದರೆ ನಾಲಿಗೆಗೆ ಅದು ಬಹುಮಟ್ಟಿಗೆ ತಿಳಿಯುತ್ತದೆ. ಎಸೆನ್ಸಿನಲ್ಲಿ ಮೂಗಿಗೆ ಹಣ್ಣು ಜೋರಾಗಿ ಬಂದರೂ, ಬಾಯಿಯಲ್ಲಿ ಅದಕ್ಕೆ ತಕ್ಕ ಹುಳಿಯಾಗಲಿ ಒಗರಾಗಲಿ ಇರುವುದಿಲ್ಲ. ಆ ಲೆಕ್ಕದಲ್ಲಿ ಇವರು ಕುಡಿದದ್ದರಲ್ಲಿ ನಿಜವಾದ ಹಣ್ಣೇ ಇದ್ದಿರಬೇಕು.

ಬಾರ್ಲಿಬಂಧು:
ಕುಡಿಯುವಾಗ ಅದು ಎಷ್ಟು ತಣ್ಣಗಿತ್ತು ಎಂಬುದೂ ಮುಖ್ಯ. ಇಂತಹ ಸ್ಟೌಟನ್ನು 10 ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುಡಿಯುವುದು ಒಳ್ಳೆಯದು, ಏಕೆಂದರೆ ತೀರಾ ತಣ್ಣಗಿದ್ದರೆ ಇರುವ ಅಲ್ಪಸ್ವಲ್ಪ ಸಿಹಿಯೂ ಪರಿಮಳವೂ ಅಡಗಿ, ಒಗರು ಮುಂದೆ ಬಂದು ನಿಲ್ಲುತ್ತದೆ.

ಕಪ್ಪುನೊರೆ:
ಗ್ಲಾಸು ಮುಗಿಯುವ ಹೊತ್ತಿಗೆ ತಣುಪು ಸಾಕಷ್ಟು ಇಳಿದಿತ್ತು. ಆಗ ಕಾಫಿಯ ರುಚಿ ಮೇಲೆದ್ದು ಬಂತು, ಹಣ್ಣು ಹಿಂದೆ ಸರಿಯಿತು, ಒಗರು ಮಾತ್ರ ಕದಲಲಿಲ್ಲ. ಹಾಗಾಗಿ ದೋಷ ತಣುಪಿನದಲ್ಲ, ಬೀಜ ಮತ್ತು ಸಿಪ್ಪೆಯದು ಎಂಬ ಹುದುಗುಪಾತ್ರೆಯವರ ಮಾತು ನನಗೆ ಹೆಚ್ಚು ಸರಿಯೆನಿಸುತ್ತದೆ. ಇಟ್ಟು ಹಳತು ಮಾಡಿದರೆ ಒಗರು ಮೆದುವಾದೀತೇ?

ಹುದುಗುಪಾತ್ರೆ:
ಸ್ವಲ್ಪ ಮೆದುವಾಗಬಹುದು, ಆದರೆ ಅಷ್ಟರಲ್ಲಿ ರಾಸ್ಪ್‌ಬೆರಿಯ ಪರಿಮಳವೇ ಮಂಕಾಗಿರುತ್ತದೆ. ಇನ್ನೊಂದು ಎಚ್ಚರಿಕೆ: ಪ್ಯೂರಿಯ ಸಕ್ಕರೆ ಪೂರ್ತಿ ಹುದುಗುವ ಮೊದಲೇ ತುಂಬಿದ ಕ್ಯಾನು, ಒಳಗೆ ಜೀವಂತ ಯೀಸ್ಟ್ ಇದ್ದರೆ, ಬೆಚ್ಚಗಿನ ಜಾಗದಲ್ಲಿ ಒತ್ತಡ ಏರಿ ಸಿಡಿಯಬಹುದು. ಅಂಥದ್ದನ್ನು ಸದಾ ಫ್ರಿಜ್ಜಿನಲ್ಲೇ ಇಡಬೇಕು, ಬೇಗ ಕುಡಿಯಬೇಕು.

ಬರಿಸ್ಟೌಟ್:
ನನ್ನ ಆಕ್ಷೇಪ ಹಾಗೆಯೇ ಉಳಿಯಿತು, ಆದರೂ ಒಂದು ನ್ಯಾಯವಾದ ಪರೀಕ್ಷೆಗೆ ನಾನು ಸಿದ್ಧ. ಒಂದೇ ಬ್ರೂವರಿಯ ಇಂಪೀರಿಯಲ್ ಸ್ಟೌಟನ್ನು ಚೆರಿ ಹಾಕಿದ್ದು, ಹಾಕದ್ದು ಎಂದು ಎರಡು ಗ್ಲಾಸುಗಳಲ್ಲಿ ಪಕ್ಕಪಕ್ಕ ಇಟ್ಟು ಕುಡಿಯೋಣ. ಚೆರಿ ಹಾಕಿದ್ದರಲ್ಲೂ ಹುರಿದ ಮಾಲ್ಟಿನ ಗುರುತು ಸಿಕ್ಕರೆ ನನ್ನ ತಕರಾರಿಲ್ಲ.

ಬಾರ್ಲಿಬಂಧು:
ಹಾಗಾದರೆ ಚೆರಿಯಿಲ್ಲದ್ದನ್ನೇ ಮೊದಲು ಕುಡಿಯಿರಿ. ಹುಳಿ ತಾಗಿದ ನಾಲಿಗೆಗೆ ಅದರ ನಂತರ ಬಂದದ್ದು ಇದ್ದುದಕ್ಕಿಂತ ಹೆಚ್ಚು ಸಿಹಿಯಾಗಿ ತೋರುವುದರಿಂದ, ಕ್ರಮ ತಿರುಗಿದರೆ ಬರಿ ಸ್ಟೌಟಿಗೆ ಅನಾಯಾಸವಾಗಿ ಗೆಲುವು ಸಿಕ್ಕಿಬಿಡುತ್ತದೆ.