ಸಹಾಯ ಬೇಕು: ತಿಂಗಳ ಪಾಪನಿವೇದನೆಗೆ ಕನ್ನಡದ ಸಿದ್ಧತಾ ಚೀಟಿ

ಮುಂಬೈಯ ನಮ್ಮ ಕನ್ನಡ ಕಥೋಲಿಕ ಪ್ರಾರ್ಥನಾ ಗುಂಪಿಗೆ ಅರ್ಧ ಪುಟದ ಆತ್ಮಶೋಧನೆ ಚೀಟಿ ಬೇಕಾಗಿದೆ: ಪಾಪನಿವೇದನೆಗೆ, ಅಂದರೆ ಗುರುಗಳ ಮುಂದೆ ಪಾಪ ಹೇಳಿಕೊಂಡು ದೇವರ ಕ್ಷಮೆ ಪಡೆಯಲು, ಹೋಗುವ ಮೊದಲು ತಮ್ಮ ತಪ್ಪುಗಳನ್ನು ನೆನೆದುಕೊಳ್ಳಲು. ಎರಡು ಸಲ ಬರೆದರೂ ಸರಿಹೋಗುತ್ತಿಲ್ಲ.

ಮೊದಲ ಚೀಟಿ ಹತ್ತು ಆಜ್ಞೆಗಳ ಕ್ರಮದಲ್ಲಿತ್ತು. ವರ್ಷಕ್ಕೊಮ್ಮೆ ಹೋಗುವವರಿಗೆ ಅದು ಸಾಕು. ಪ್ರತಿ ತಿಂಗಳು ಹೋಗುವವರ ಕೈಯಲ್ಲಿ ಮಾತ್ರ ಅದು ಕಿರಾಣಿ ಪಟ್ಟಿಯ ಹಾಗಾಯಿತು: "ಕೋಪ ಬಂತು, ಸುಳ್ಳು ಹೇಳಿದೆ, ಪ್ರಾರ್ಥನೆ ಬಿಟ್ಟೆ." ಹೋದ ತಿಂಗಳೂ ಇದೇ, ಈ ತಿಂಗಳೂ ಇದೇ. ಬೈಬಲಿನ 51ನೇ ಕೀರ್ತನೆ ಬೇಡುವ ಆ ರಕ್ಷಣೆಯ ಆನಂದ ಎಲ್ಲಿಂದ ಬರಬೇಕು?

ಎರಡನೆಯದರಲ್ಲಿ, ಮಾರಕ ಪಾಪವಿದ್ದರೆ (ತಿಳಿದೂ ತಿಳಿದೂ ಮಾಡಿದ ಗಂಭೀರ ಪಾಪ) ಯಾವುದು, ಎಷ್ಟು ಸಲ ಎಂದು ಒಂದನ್ನೂ ಬಿಡದೆ ಹೇಳಿ (ಧರ್ಮಸಭೆಯ ಕಾನೂನು 988), ಲಘು ಪಾಪಗಳಲ್ಲಿ ಎರಡು-ಮೂರನ್ನೇ ಆರಿಸಿ, ಕಾರಣ ಸಮೇತ ಹೇಳಿ ಎಂದು ಬರೆದೆವು. "ಕೋಪ ಬಂತು" ಬದಲು "ಏಳೂವರೆ ಲೋಕಲ್ ತಪ್ಪಿದ ಸಿಟ್ಟನ್ನು ವಾರದಲ್ಲಿ ಮೂರು ಸಲ ಹೆಂಡತಿ ಮೇಲೆ ತೀರಿಸಿದೆ." ಇದು ಕೆಲಸ ಮಾಡಿತು. ಆದರೆ ಕಾರಣ ಹೇಳಹೊರಟವರು ಹೆಂಡತಿಯ ತಪ್ಪನ್ನೇ ನಿವೇದಿಸಲು ಶುರುಮಾಡಿದರು! ಅತಿಸಂಶಯದ ಸ್ವಭಾವದವರಂತೂ, ಹೇಳದೆ ಉಳಿದ ಲಘು ಪಾಪಗಳಿಗೆ ಕ್ಷಮೆಯಿಲ್ಲವೇನೋ ಎಂದು ಮತ್ತೆ ಸಾಲಿನಲ್ಲಿ ನಿಲ್ಲುತ್ತಾರೆ. ಲಘು ಪಾಪಗಳನ್ನೆಲ್ಲ ಹೇಳಲೇಬೇಕೆಂಬ ಕಡ್ಡಾಯವಿಲ್ಲ ಎಂದರೂ ಸಮಾಧಾನವಿಲ್ಲ.

ಗುರುಗಳು ಕೊಟ್ಟ ಪ್ರಾಯಶ್ಚಿತ್ತ ಮುಗಿದ ಮೇಲೆ ಎರಡು ನಿಮಿಷ ಕೃತಜ್ಞತೆಗೆ ಕೂರಿ ಎಂದು ಕೊನೆಯಲ್ಲಿ ಸೇರಿಸಿದ್ದೇವೆ. ಅಲ್ಲಿ ಏನು ಬರೆಯಬೇಕು ಎಂಬುದೇ ತೋಚುತ್ತಿಲ್ಲ.

ಪುಣೆ, ಗೋವಾದಲ್ಲಿ ಇಂಥ ಸಿದ್ಧತೆ ನಡೆಸುವವರು ಹೇಳಿ: ಕಾರಣ ಕೇಳುವ ಪ್ರಶ್ನೆಯನ್ನು ನೆಪಕ್ಕೆ ಜಾಗವಿಲ್ಲದಂತೆ ಒಂದೇ ಸಾಲಿನ ಕನ್ನಡದಲ್ಲಿ ಹೇಗೆ ಬರೆಯುತ್ತೀರಿ? ಆ ಎರಡು ನಿಮಿಷಕ್ಕೆ ಯಾವ ಕೀರ್ತನೆ ಕೊಡುತ್ತೀರಿ?