ಮೊಟ್ಟೆ ಟ್ರೇಯಲ್ಲಿ ಘಾನಾದ ಆಟ

ಎಲ್ಲರಿಗೂ ನಮಸ್ಕಾರ. ಬೇರೆ ಬೇರೆ ದೇಶ ಪರಿಚಯಿಸೋ ಸ್ಕೂಲಿನ ಸಂಸ್ಕೃತಿ ದಿನಕ್ಕೆ ಮಕ್ಕಳ ಕೈಲಿ ಏನು ಮಾಡಿಸೋದು ಅಂತ ಹೋದ ವಾರ ನಮ್ಮ ಗುಂಪಲ್ಲಿ ಮಾತಾಯ್ತಲ್ಲ, ಆಗ ನಾನು ವಿಮಾನದಲ್ಲಿದ್ದೆ. ಈಗ ವಿದೇಶದಿಂದ ರಜೆಗೆ ದಾವಣಗೆರೆಗೆ ಬಂದಿದ್ದೇನೆ. ಇಲ್ಲಿ ಕಂಡದ್ದನ್ನು ಹೇಳಲೇಬೇಕು ಅನ್ನಿಸಿತು.

ನಮ್ಮಕ್ಕ ಹತ್ತಿರದ ಹಳ್ಳಿಯ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸಿಗೆ ಪಾಠ ಮಾಡುತ್ತಾಳೆ. "ನಿನ್ನ ಮಗಳನ್ನ ಒಂದಿನ ಕಳಿಸೇ, ಅಲ್ಲಿ ಕಲಿತಿದ್ದು ನಮ್ಮ ಹುಡುಗರಿಗೂ ತೋರಿಸಲಿ" ಅಂದಳು. ಮಗಳಿಗೆ ಓವಾರೆ ಗೊತ್ತು. ಪಶ್ಚಿಮ ಆಫ್ರಿಕಾದ ಘಾನಾದಲ್ಲಿ ಚಿಕ್ಕವರು ದೊಡ್ಡವರು ಎಲ್ಲ ಆಡುವ ಆಟ. 12 ಗುಳಿ, ಗುಳಿಗೆ ನಾಲ್ಕರಂತೆ 48 ಬೀಜ.

ಹಲಗೆಗೆ ಅಕ್ಕ ಅಂಗಡಿಯಿಂದ 30 ಮೊಟ್ಟೆಯ ಖಾಲಿ ಟ್ರೇ ತರಿಸಿದಳು. ಐದು ಸಾಲು, ಸಾಲಿಗೆ ಆರು ಗುಳಿ. ಎರಡೆರಡು ಸಾಲು ಕತ್ತರಿಸಿದರೆ ಒಂದು ಟ್ರೇಗೆ ಎರಡು ಹಲಗೆ ಆಗುತ್ತೆ. ಉಳಿದ ಸಾಲು ಗೆದ್ದ ಬೀಜ ಹಾಕಿಕೊಳ್ಳೋಕೆ. ಮಕ್ಕಳು ಮನೆಯಿಂದ ಜೇಬು ತುಂಬ ಹುಣಸೆಬೀಜ ತಂದರು.

ಮಗಳು ಒಂದು ಗುಳಿಯ ಬೀಜ ಎತ್ತಿ ಒಂದೊಂದೇ ಹಾಕುತ್ತಾ ಹೋದಳು. ಹಿಂದೆ ಕೂತಿದ್ದ ಹುಡುಗಿ ಎದ್ದು ನಿಂತು, "ಮಿಸ್, ಇದು ಅಳಗುಳಿಮಣೆ! ನಮ್ಮಜ್ಜಿ ಹತ್ರ ಐತಿ" ಅಂದಳು. ಅಷ್ಟೇ, ಪಾಠ ಮಕ್ಕಳ ಕೈಗೆ ಹೋಯ್ತು. ನಮ್ಮದಕ್ಕೆ ಸಾಲಿಗೆ ಏಳು, ಒಟ್ಟು 14 ಗುಳಿ. ನಮ್ಮಲ್ಲಿ ಕೈಲಿದ್ದ ಬೀಜ ಮುಗಿದರೆ ಮುಂದಿನ ಗುಳಿಯದನ್ನು ಎತ್ತಿಕೊಂಡು ಆಟ ಮುಂದುವರಿಸುತ್ತೇವೆ. ಓವಾರೆಯಲ್ಲಿ ಅಲ್ಲಿಗೇ ನಿಲ್ಲಬೇಕು. ಕೊನೆಯ ಬೀಜ ಎದುರಿನವರ ಗುಳಿಗೆ ಬಿದ್ದು ಅಲ್ಲಿ ಎರಡೋ ಮೂರೋ ಆದರೆ ಅವು ನಮಗೆ.

ಮಕ್ಕಳಿಗೆ ಜಾಸ್ತಿ ಹಿಡಿಸಿದ್ದು ಬೇರೆ ನಿಯಮ. ಎದುರಿನವರ ಕಡೆ ಬೀಜ ಪೂರ್ತಿ ಖಾಲಿಯಾದರೆ, ಸಾಧ್ಯವಿದ್ದಾಗ ಅವರಿಗೆ ಬೀಜ ತಲುಪುವ ಹಾಗೇ ಆಡಬೇಕು. "ಸೋಲೋರಿಗೂ ನಾವೇ ಉಣ್ಣಾಕ್ ಕೊಡಬೇಕಾ ಮಿಸ್?" ಅಂತ ಒಬ್ಬ ಕೇಳಿದ. ಆಮೇಲೆ ತಾನೇ ಗೋಡೆಯ ಭೂಪಟದ ಹತ್ತಿರ ಹೋಗಿ ಘಾನಾ ಹುಡುಕಿದ.

ವಿದೇಶದಲ್ಲಿ ನಮ್ಮ ಮಕ್ಕಳ ಸ್ಕೂಲಲ್ಲಿ ಸಂಸ್ಕೃತಿ ದಿನ ಅಂತ ಒಂದೇ ಮಧ್ಯಾಹ್ನಕ್ಕೆ ಇಪ್ಪತ್ತು ದೇಶ ಮುಗಿಸಿದ್ದರು. ಒಂದು ಸಮೋಸ, ಒಂದು ಬಾವುಟ, ಒಂದು ಫೋಟೊ. ಮರುದಿನ ಮಗಳಿಗೆ ಒಂದೂ ನೆನಪಿರಲಿಲ್ಲ. ನನಗೆ ತುಂಬಾ ಬೇಜಾರಾಗಿತ್ತು. ದಿನಕ್ಕೆ ಒಂದೇ ದೇಶ ಸಾಕು ಅಂತ ಟೀಚರಿಗೆ ದಯವಿಟ್ಟು ಹೇಳಿ. ಸುಮ್ನೆ "ಆಫ್ರಿಕಾದ ಆಟ" ಅನ್ನಲೂಬೇಡಿ, ಅಲ್ಲಿ 54 ದೇಶಗಳಿವೆ. ನಮ್ಮನ್ನು ಬರೀ "ಏಷ್ಯಾದವರು" ಅಂದರೆ ನಮಗೂ ಹಿಡಿಸಲ್ಲ ಅಲ್ವಾ?

ಚೆಂದ ಕಾಣುತ್ತೆ ಅಂತ ಈ ಆಟಕ್ಕೆ ಯಾರೂ ಗುಲಗಂಜಿ ಕೊಡಬೇಡಿ, ಅದು ವಿಷ. ಮನೆಯಲ್ಲಿ ಪುಟ್ಟ ಮಗು ಇದ್ದರೆ ಹುಣಸೆಬೀಜದ ಮೇಲೂ ಕಣ್ಣಿರಲಿ.

ಮುಂದಿನ ವಾರ ಮೆಕ್ಸಿಕೊ. ಈ ಊರ ಸುತ್ತ ಎಲ್ಲಿ ನೋಡಿದರೂ ಮೆಕ್ಕೆಜೋಳ. ಅದರ ತವರು ಮೆಕ್ಸಿಕೊ ಅಂತ ಹುಡುಗರಿಗೆ ಇನ್ನೂ ಹೇಳಿಲ್ಲ. ಅಲ್ಲಿ ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸಿ, ನೆನೆಸಿ, ತೊಳೆದು ರುಬ್ಬಿ ಟೋರ್ಟಿಯಾ ಅನ್ನೋ ರೊಟ್ಟಿ ಮಾಡುತ್ತಾರೆ. ಸುಣ್ಣದ ಕೆಲಸ ಅಕ್ಕ ಮನೆಯಲ್ಲೇ ಮುಗಿಸುತ್ತಾಳೆ, ತಟ್ಟೋದು ಮಾತ್ರ ಮಕ್ಕಳು. ನಿಮ್ಮಲ್ಲಿ ಯಾರಾದರೂ ಮೆಕ್ಸಿಕೊದವರ ಮನೆಯಲ್ಲಿ ಮಾಡೋದನ್ನ ಹತ್ತಿರದಿಂದ ನೋಡಿದ್ದೀರಾ? ಹಿಟ್ಟು ನಮ್ಮ ಜೋಳದ ರೊಟ್ಟಿ ಹದಕ್ಕೇ ಇರಬೇಕಾ, ಇನ್ನೂ ಮೆತ್ತಗಾ? ಸೋಮವಾರದೊಳಗೆ ತಿಳಿಸಿ.